ಆಷಾಢದ ಕೋಟು

ದಾವಣಗೆರೆಯ ಜವಳಿ ಅಂಗಡಿಯ ಗುಮಾಸ್ತರೊಬ್ಬರು ಮಗಳನ್ನು ಓದಲು ಅಮೆರಿಕಕ್ಕೆ ಕಳಿಸಬೇಕೆಂದು ಏಜೆಂಟರೊಬ್ಬರ ಮುಂದೆ ಕೂತಿದ್ದರು.

"ಈ ಕಾಲೇಜು ನಿಮ್ಮ ಹುಡುಗಿಗೆ ಅರ್ಧ ಫೀಸು ಬಿಡುತ್ತೆ. ಇಂಥ ಭಾಗ್ಯ ಎಲ್ಲರಿಗೂ ಸಿಗಲ್ಲ. ಇವತ್ತೇ ಸಹಿ ಹಾಕಿ!" ಎಂದು ಏಜೆಂಟರು ಗತ್ತಿನಿಂದ ಕಾಗದ ತಳ್ಳಿದರು.

"ಬಿಟ್ಟ ಮೇಲೆ ನಾವು ಕಟ್ಟೋದು ಎಷ್ಟು ಸಾರ್?"

"ಅರ್ಧ ಬಿಡ್ತಾರೆ ಅಂದೆನಲ್ರೀ!"

ಗುಮಾಸ್ತರು ಏಜೆಂಟರ ಕೋಟಿನ ತೋಳು ಮುಟ್ಟಿ ನೋಡಿದರು. "ಇದು ನಮ್ಮ ಅಂಗಡೀದೇ. ಆಷಾಢದಲ್ಲಿ ಅರ್ಧ ಬೆಲೆಗೆ ತಗೊಂಡ್ರಿ, ಅಲ್ವಾ?"

"ಮತ್ತೆ! ಎಂಟು ಸಾವಿರದ್ದು, ನಾಲ್ಕಕ್ಕೇ!" ಏಜೆಂಟರು ಎದೆಯುಬ್ಬಿಸಿದರು.

"ಆ ಎಂಟು ಸಾವಿರದ ಚೀಟಿ ಸೇಲ್ ಶುರುವಾಗೋ ಹಿಂದಿನ ದಿನ ನಾನೇ ಅಂಟಿಸಿದ್ದು."

ಏಜೆಂಟರು ಕೋಟನ್ನೊಮ್ಮೆ ನೋಡಿಕೊಂಡರು. ದನಿ ಸಣ್ಣಗಾಯಿತು. "ಹಾಗಾದರೆ ಇದರ ನಿಜವಾದ ಬೆಲೆ?"

"ಮೊದಲು ಕಾಲೇಜಿನದು ನೀವು ಹೇಳಿ ಸಾರ್. ಆಮೇಲೆ ಕೋಟಿನದು ನಾನು ಹೇಳ್ತೀನಿ."