ಕರಟ ಹಿಡಿಯದ ರೈತ

“ಅಜ್ಜಾರ, ಊರ ಮುಂದ ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರ್ತೈತೇನ್ರಿ?” ಎಂದು ಡಾಕ್ಟರವ್ವ ಕೇಳಿದರು.

ಮಠದ ಅಜ್ಜಾರು ಬೇವಿನ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮೊರವನ್ನು ಆಕೆಯತ್ತ ಸರಿಸಿದರು. ಕೈ ಸುಮ್ಮನಿದ್ದರೆ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಸುಲಿಯುತ್ತ ಹೇಳು ಎಂದರು.

ಡಾಕ್ಟರವ್ವ ಎಂದರೆ ಕಾಶೀಬಾಯಿ. ಅರ್ಧ ಊರು ಹುಟ್ಟಿದ್ದು ಆಕೆಯ ಕೈಯಲ್ಲಿ. ಕೂಸಿಗೆ ಜೇನು ಬೇಡ ಎಂದು ಆಕೆ ಹೇಳಿದರೆ, ಅಜ್ಜಿಯರು ಕೂಡ ಭರಣಿ ಮುಚ್ಚಿಡುತ್ತಿದ್ದರು. ತಂದೆಯ ಕಾಲದಿಂದ ಅವರದು ಒಂದೇ ಪಕ್ಷದ ಮನೆ. ಹೋದ ಚುನಾವಣೆಯಲ್ಲಿ ಮಾತ್ರ ಆಕೆ ಎದುರು ಪಕ್ಷದ ವೇದಿಕೆ ಹತ್ತಿ, ಈ ವೀರನಗೌಡ ಹುಟ್ಟಿದ್ದು ನನ್ನ ಕೈಯಲ್ಲಿ, ಒಳ್ಳೆಯ ಹುಡುಗ, ಇವನಿಗೇ ಓಟು ಹಾಕಿ ಎಂದುಬಿಟ್ಟರು. ಊರು ಮೂಗಿನ ಮೇಲೆ ಬೆರಳಿಟ್ಟಿತು. ಆಮೇಲೆ ಅದೇ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ವೀರನಗೌಡನನ್ನು ಗೆಲ್ಲಿಸಿತು.

ಅವನು ಕಟ್ಟಿಸುತ್ತೇನೆ ಎಂದದ್ದು ಹೆರಿಗೆ ವಾರ್ಡು. ಕಟ್ಟಿಸಿದ್ದು ಊರ ಬಾಗಿಲಿಗೆ ತನ್ನಪ್ಪನ ಹೆಸರಿನ ಕಮಾನು. ಈಗ ದಿನ ತುಂಬಿದ ಬಸುರಿಯರು ಆ ಕಮಾನಿನ ಕೆಳಗೇ ಹಾದು, ಟೆಂಪೋದಲ್ಲಿ ಕುಲುಕಾಡುತ್ತ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದರು. ಒಬ್ಬಳಂತೂ ದಾರಿಯಲ್ಲೇ ಹೆತ್ತಳು. ಬಾಣಂತಿ, ಕೂಸು ಇಬ್ಬರೂ ಕ್ಷೇಮವಾಗಿದ್ದರು. ಆದರೆ ಡಾಕ್ಟರವ್ವನಿಗೆ ಅಂದಿನಿಂದ ಅನ್ನ ರುಚಿಸಲಿಲ್ಲ. ಸಂತೆಯಲ್ಲಿ ಸಿಕ್ಕ ಜನ ಏನೂ ಅನ್ನುತ್ತಿರಲಿಲ್ಲ, ಮೊದಲಿನಂತೆಯೇ ನಮಸ್ಕಾರ ಮಾಡುತ್ತಿದ್ದರು. ಒಬ್ಬರಾದರೂ ಬೈದಿದ್ದರೆ ಹಗುರಾಗುತ್ತಿತ್ತು ಎಂದು ಆಕೆಗೆ ಅನ್ನಿಸುತ್ತಿತ್ತು.

ಈಗ ಮತ್ತೆ ಚುನಾವಣೆ ಬಂದಿತ್ತು. ಹಳೆಯ ಪಕ್ಷದವರು ನಾಳೆಯ ಸಭೆಗೆ ಕರೆದಿದ್ದರು. ವೇದಿಕೆ ಹತ್ತಿ, ತಪ್ಪಾಯಿತು ಎಂದು ಕೈಮುಗಿದು, ಈ ಸಲ ನಮ್ಮವರಿಗೇ ಹಾಕಿ ಎಂದು ಹೇಳಿ ಬಂದರೆ ತನ್ನ ಮಾತಿಗೆ ಹೋದ ಬೆಲೆ ಮರಳಿ ಬಂದೀತು ಎಂಬುದು ಆಕೆಯ ಆಸೆ. ಎಲ್ಲ ಹೇಳಿ ಮುಗಿಸಿ, ಕೊನೆಗೆ ಇನ್ನೊಂದು ಸಂಗತಿ ಸೇರಿಸಿದರು. ಗೆದ್ದ ಮೇಲೆ ವೀರನಗೌಡ, ವಾರ್ಡಿನ ಕೆಲಸ ನೋಡಿಕೊಳ್ಳುವ ಆಸ್ಪತ್ರೆ ಸಮಿತಿಗೆ ನೀವೇ ಅಧ್ಯಕ್ಷರಾಗಿ ನನ್ನ ಬೆನ್ನಹಿಂದಿರಿ ಎಂದು ಜೀಪು ಕಳಿಸಿದ್ದ. ಆಕೆ ಅದನ್ನು ಖಾಲಿ ತಿರುಗಿಸಿದ್ದರು. ಮಾತು ಮಾರಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದಲ್ಲ. ಅವನ ಮನೆಯ ಒಂದು ಕಪ್ ಚಹಾ ಕೂಡ ಕುಡಿದವಳಲ್ಲ ತಾನು. ಇದನ್ನು ಹೇಳುವಾಗ ಮಾತ್ರ ಆಕೆಯ ಬೆನ್ನು ತಾನಾಗಿ ನೆಟ್ಟಗಾಯಿತು.

ಅಜ್ಜಾರು ಒಂದು ಕಾಳು ಬಾಯಿಗೆ ಹಾಕಿಕೊಂಡು ಕತೆ ತೆಗೆದರು.

ಒಂದು ಹೊಳೆ. ಮೇಲಿನ ಓಣಿಯವರನ್ನು ದಾಟಿಸಲು ಒಬ್ಬ ಅಂಬಿಗ, ಕೆಳಗಿನ ಓಣಿಯವರಿಗೆ ಇನ್ನೊಬ್ಬ. ಇವರು ಅವನ ಹರಿಗೋಲು ಹತ್ತುತ್ತಿರಲಿಲ್ಲ, ಅವರು ಇವನ ಹರಿಗೋಲು ಮುಟ್ಟುತ್ತಿರಲಿಲ್ಲ. ಆ ಹೊಳೆಗೆ ಒಂದು ಕಟ್ಟಳೆ ಇತ್ತು. ಹರಿಗೋಲಿಗೆ ಹೊಸದಾಗಿ ಡಾಂಬರು ಬಳಿದಾಗ ಊರಿನ ಒಬ್ಬ ನಂಬಿಕಸ್ಥ ಬಂದು ನೋಡಿ, ಇದು ಗಟ್ಟಿ ಎಂದು ಹೇಳಬೇಕು. ಹೇಳಿದವನ ಕೈಗೆ ಅಂಬಿಗ ಒಂದು ತೆಂಗಿನ ಕರಟ ಕೊಡುವನು. ಆತ ಮೊದಲ ಸುತ್ತಿನಲ್ಲಿ ಜನರ ಜೊತೆ ಕುಳಿತು, ಒಳಗೆ ನೀರು ಬಂದರೆ ಆ ಕರಟದಿಂದ ಮೊಗೆದು ಚೆಲ್ಲಬೇಕು.

ಮೇಲಿನ ಓಣಿಯಲ್ಲಿ ಒಬ್ಬ ರೈತನಿದ್ದ. ಅವನ ಮಾತೆಂದರೆ ಊರಿಗೆಲ್ಲ ಶಾಸನ. ಅವನ ಓಣಿಯ ಅಂಬಿಗನಿಗೆ ಮೈಗಳ್ಳತನ ಹತ್ತಿತ್ತು. ಬಿಸಿಲೇರಿದ ಮೇಲೆ ಏಳುವನು, ಎದ್ದರೂ ಮೊದಲು ತನ್ನ ಬೀಗರನ್ನು ದಾಟಿಸುವನು. ರೈತ ಬೇಸತ್ತು ಕೆಳಗಿನ ಓಣಿಗೆ ಹೋದ. ಅಲ್ಲಿಯ ಹರಿಗೋಲನ್ನು ಮಗುಚಿ ಹಾಕಿಸಿ, ಸುತ್ತಲೂ ಬಡಿದು ನೋಡಿ, ಇದು ಗಟ್ಟಿ ಎಂದ. ಎರಡೂ ಓಣಿಯವರು ಬಂದು ಹತ್ತಿದರು. ಅಂಬಿಗ ಕರಟ ನೀಡಿದ. ರೈತ ಕೈಮುಗಿದ. “ಇದ್ದದ್ದು ಇದ್ದಂಗ ಹೇಳೀನಿ, ನನಗೇನೂ ಬ್ಯಾಡಪಾ,” ಎಂದು ಮನೆಗೆ ಹೋದ. ಎಂಥ ನಿಸ್ವಾರ್ಥಿ ಎಂದು ಜನ ಹೊಗಳಿದರು.

ನಡುಹೊಳೆಯಲ್ಲಿ ಡಾಂಬರು ಒಂದು ಕಡೆ ಬಿಟ್ಟುಕೊಂಡಿತು. ಅಂಬಿಗನ ಎರಡು ಕೈಯೂ ಹುಟ್ಟಿನ ಮೇಲೆ. ವಾರಸುದಾರನಿಲ್ಲದ ಕರಟ ಉರುಳಿ ಯಾರದೋ ಗಂಟಿನ ಕೆಳಗೆ ಸೇರಿತ್ತು. ಒಬ್ಬ ಟೋಪಿಯಿಂದ ನೀರು ಮೊಗೆದ. ಒಬ್ಬಳು ಮಜ್ಜಿಗೆಯನ್ನು ಹೊಳೆಗೆ ಸುರಿದು ಗಡಿಗೆಯಿಂದ ಮೊಗೆದಳು. ಹೊಸ ಅಳಿಯನೊಬ್ಬ ಮಾವ ಕೊಡಿಸಿದ ಬೂಟು ಬಿಚ್ಚಿ ಅದರಿಂದಲೇ ಮೊಗೆದ. ಎಲ್ಲರೂ ಒಂದೇ ಬದಿಗೆ ಬಾಗಿದ್ದರಿಂದ ಹರಿಗೋಲು ಬುಗುರಿಯಂತೆ ತಿರುಗಿ ತಿರುಗಿ, ಹೊರಟ ದಂಡೆಗೇ ಬಂದು ಹತ್ತಿತು. ಜೀವ ಯಾರದೂ ಹೋಗಲಿಲ್ಲ. ಸಂತೆಗೆ ಹೊರಟಿದ್ದ ಬೆಲ್ಲ ಮಾತ್ರ ಮೀನುಗಳ ಪಾಲಾಯಿತು.

ಡಾಕ್ಟರವ್ವ ಈ ಹೊತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಎಷ್ಟೋ ದಿನದ ಮೇಲೆ ಬಂದ ನಗು ಅದು. ಅಜ್ಜಾರು ಅದು ಮುಗಿಯುವವರೆಗೆ ಕಾದು ಕತೆ ಮುಂದುವರಿಸಿದರು.

ಸುದ್ದಿ ಕೇಳಿ ರೈತ ಉಣ್ಣುತ್ತಿದ್ದ ತಾಟು ಸರಿಸಿ ಎದ್ದ. ಅವನ ಪಶ್ಚಾತ್ತಾಪದಲ್ಲಿ ಕಪಟವಿರಲಿಲ್ಲ. ಒಗೆದ ಧೋತರ ಉಟ್ಟು ದಂಡೆಗೆ ಬಂದ. ಅಲ್ಲಿ ಜನ ತೊಯ್ದ ಬಟ್ಟೆ ಹಿಂಡುತ್ತಿದ್ದರು. ರೈತ ಬಂಡೆಯೊಂದನ್ನು ಹತ್ತಿ, ನನ್ನಿಂದ ತಪ್ಪಾಯಿತು, ನಾಳೆಯಿಂದ ಮೇಲಿನ ಓಣಿಯ ಹರಿಗೋಲನ್ನೇ ಹತ್ತಿ, ಅದೇ ಗಟ್ಟಿ ಎಂದು ಸಾರಿದ. ಮೇಲಿನ ಓಣಿಯ ಅಂಬಿಗ ಹಿಗ್ಗಿ ಹೀರೇಕಾಯಿಯಾದ. ಓಡಿಹೋಗಿ ತನ್ನ ಕರಟ ತಂದು ನೀಡಿದ. ರೈತ ಮತ್ತೆ ಕೈಮುಗಿದ, ನನಗೇನೂ ಬೇಡ ಎಂದ.

ಅಜ್ಜಾರು ಅಲ್ಲಿಗೆ ನಿಲ್ಲಿಸಿ ಇನ್ನೊಂದು ಶೇಂಗಾ ಒಡೆದರು. ಡಾಕ್ಟರವ್ವನಿಗೆ ತಡೆಯಲಾಗಲಿಲ್ಲ.

“ಎಂಥಾ ಮನಶ್ಯಾ ಅವಾ, ಅಜ್ಜಾರ,” ಎಂದರು. “ಹರಿಗೋಲು ಯಾರದಾದ್ರೇನು, ಒಂದಿಲ್ಲೊಂದು ದಿನ ಸೋರೂದ. ಕರಟ ಹಿಡಕೊಂಡು ಒಳಗ ಕುಂತಿದ್ರ ಒಬ್ಬರೂ ತೋಯ್ತಿರಲಿಲ್ಲ.”

ಅಜ್ಜಾರು ಮೊರದ ಸಿಪ್ಪೆ ಊದಿ, ಉಳಿದ ಕಾಳನ್ನು ಆಕೆಯ ಬೊಗಸೆಗೆ ಸುರಿದರು.

“ಹಂಗಾದ್ರ ಆ ಜೀಪು ಯಾಕ ಖಾಲಿ ಕಳಿಸಿದಿ, ತಾಯಿ?”