ಗಡಿಯಾರ ಮತ್ತು ಉದ್ದನೆಯ ಕೇಬಲ್

ಸಬ್‌ಸ್ಟೇಷನ್ನಿನ ಗಡಿಯಾರವೊಂದು ಉಪಗ್ರಹ ಹೇಳಿದ ಸಮಯ ಹಿಡಿದು, ಕರೆಂಟು ತಂತಿ ತುಂಡಾದಾಗ ಏಳುವ ಅಲೆ ಲೈನಿನ ಎರಡು ತುದಿಗಳನ್ನು ಯಾವ್ಯಾವ ಹೊತ್ತಿಗೆ ಮುಟ್ಟಿತೆಂದು ಹೋಲಿಸಿ, ಅದು ಎಲ್ಲಿ ತುಂಡಾಯಿತೆಂದು ಲೆಕ್ಕ ಹಾಕಿ ಹೇಳುತ್ತಿತ್ತು. ಅದನ್ನು ಮಹಡಿಯಿಂದ ಕೆಳಕ್ಕಿಳಿಸಿ, ಉಪಗ್ರಹದ ಮಾತು ಹಿಡಿಯುವ ಛಾವಣಿಯ ಆಂಟೆನಾದಿಂದ ಅದಕ್ಕೆ ಉದ್ದನೆಯ ಕೇಬಲ್ ಹಾಕಿದ ಮೇಲೆ, ಲೈನ್‌ಮನ್‌ಗಳು ತಪ್ಪು ಟವರ್ ಹತ್ತಿ ಬೈದುಕೊಂಡು ಇಳಿಯತೊಡಗಿದರು. "ಇದನ್ನು ಗುಜರಿಗೆ ಹಾಕಿ" ಎಂದರು.

ಗಡಿಯಾರ ಕಂಗಾಲಾಯಿತು. "ಎಲೈ ಕೇಬಲ್ಲೇ, ಉಪಗ್ರಹ ನನಗೆ ಸುಳ್ಳು ಹೇಳುತ್ತಿದೆಯೇ?"

"ಇಲ್ಲ ಮಹಾರಾಯ! ಅದರ ಮಾತು ನನ್ನೊಳಗೆ ಹಾದು ನಿನ್ನನ್ನು ಮುಟ್ಟಲು ಚೂರು ಹೊತ್ತು ಬೇಕು. ನೀನಿನ್ನೂ ಹಳೆಯ ಗಿಡ್ಡ ಕೇಬಲ್ಲಿನ ಹೊತ್ತನ್ನೇ ಸೇರಿಸಿಕೊಳ್ಳುತ್ತಿದ್ದೀಯೆ; ಹೊತ್ತು ಅಷ್ಟು ತಪ್ಪಿದರೂ ಟವರೇ ತಪ್ಪುತ್ತದೆ. ನಾನೆಷ್ಟು ಉದ್ದ ಎಂದು ಒಮ್ಮೆಯಾದರೂ ಕೇಳಿದೆಯಾ?"

ಗಡಿಯಾರ ನಾಚಿತು, ಕೇಳಿತು, ತಿದ್ದಿಕೊಂಡಿತು. ಮುಂದಿನ ಸಲ ಹತ್ತಿದ ಮೊದಲ ಟವರಿನಲ್ಲೇ ತುಂಡಾದ ತಂತಿ ಸಿಕ್ಕಿ, ಲೈನ್‌ಮನ್‌ಗಳು ಮೇಲಿಂದಲೇ ಕೇಕೆ ಹಾಕಿದರು.

"ನೋಡಿದೆಯಾ, ನಾನೆಷ್ಟು ಕರಾರುವಾಕ್ಕು!" ಎಂದು ಗಡಿಯಾರ ಬೀಗಿತು.

"ಹೂಂ, ನನ್ನ ಉದ್ದ ಕೇಳಿದ ಮೇಲೆ!" ಎಂದು ಕೇಬಲ್ ನಕ್ಕಿತು.