ನೀಲವ್ವ ಐದು ಕೌದಿಗಳ ಮೂಲೆ ಮುಚ್ಚಿದ ಕಥೆ

ದೀಪಕ್ಕೆ ಎಣ್ಣೆ ಹಾಕಿರಿ, ಬತ್ತಿ ಮುಂದೆ ಸರಿಸಿರಿ. ಬಲಗೈಯಲ್ಲಿ ಐದು ಜೋಳದ ಕಾಳು ಹಿಡಿದು ಗೌರಮ್ಮನ ಕಥೆಯನ್ನು ಕೇಳಿರಿ. ನಡುವೆ ಏಳಬಾರದು. ಒಲೆಯ ಮೇಲೆ ಹಾಲಿಟ್ಟವರು ಈಗಲೇ ಹೋಗಿ ಇಳಿಸಿ ಬರಬೇಕು.

ಮಲಪ್ರಭೆಯ ದಂಡೆಯ ಮೇಲೊಂದು ಊರು. ಆ ಊರಲ್ಲಿ ಗುರುಪಾದಪ್ಪನೆಂಬ ಹೂಗಾರನೂ ಅವನ ಹೆಂಡತಿ ನೀಲವ್ವನೂ ಇದ್ದರು. ಗಂಡ ಮಲ್ಲಿಗೆ, ದವನ, ಮರುಗ ಬೆಳೆದು ದೇವರಿಗೆ ಕೊಡುತ್ತಿದ್ದನು. ಹೆಂಡತಿ ಹಳೆಯ ಅರಿವೆಗಳನ್ನು ಪದರ ಪದರವಾಗಿ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಕೂರಿಗೆಯ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ಊರೆಲ್ಲ ಹೊಗಳಲು, ಅವಳಿಗೆ ತನ್ನ ಕೈಯ ಮೇಲೆ ತುಸು ಗರ್ವವೂ ಇತ್ತು.

ಆ ಸೀಮೆಯ ಹೆಂಗಸರು ಶೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯವರೆಗೆ ಒಂದು ವ್ರತ ಹಿಡಿಯುವರು. ಅರೆಬರೆ ಬಿಟ್ಟ ಕೌದಿಯನ್ನು ಹೊರತೆಗೆದು ಹೊಲಿಯಬೇಕು. ಹಿತ್ತಿಲ ಕಳೆ ಕಿತ್ತು, ಮಲ್ಲಿಗೆ ಬಳ್ಳಿಯನ್ನು ಸವರಿ, ಕಡ್ಡಿಗಳನ್ನು ನೆರೆಹೊರೆಗೆ ಹಂಚಬೇಕು. ಇಬ್ಬನಿ ತಡೆಯದ ಗಿಡಗಳ ಕುಂಡಗಳನ್ನು ಪಡಸಾಲೆಗೆ ತಂದಿಡಬೇಕು. ಗೌರಿ ಹುಣ್ಣಿಮೆಯ ದಿನ, ಹೊಲಿದವಳು ತಾನು ಉಟ್ಟ ಸೀರೆಯಿಂದ ಒಂದು ಗೇಣು ಕತ್ತರಿಸಿ ಕೌದಿಯ ಕಡೆಯ ಮೂಲೆಗೆ ಹಚ್ಚಿ, ಒಳಗೆ ಐದು ಜೋಳದ ಕಾಳಿಟ್ಟು, ಮೂಲೆಯ ಬಾಯಿ ಮುಚ್ಚಿ, ಗೌರಮ್ಮನ ಮುಂದೆ ಹಾಸಿ ಸಕ್ಕರೆ ಗೊಂಬೆಗಳನ್ನಿಟ್ಟು ಸಕ್ಕರೆ ಆರತಿ ಬೆಳಗಬೇಕು.

ನೀಲವ್ವ ಎಲ್ಲವನ್ನೂ ಮಾಡುವಳು, ಕತ್ತರಿ ಹಿಡಿಯುವುದೊಂದನ್ನು ಬಿಟ್ಟು. ಅತ್ತೆಯ ಸೀರೆ, ಗಂಡನ ಧೋತರ, ನೆರೆಯವರ ಕುಪ್ಪಸ ಎಲ್ಲ ಅವಳ ಕೌದಿಗೆ ಬಂದವು. ತನ್ನ ಹಸಿರು ಇಳಕಲ್ ಸೀರೆಗೆ ಮಾತ್ರ ಕೈ ಏಳದು. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ತಾಯಿಯದೆಂದು ತವರಿನಿಂದ ಬಂದದ್ದು ಅದೊಂದೇ ಸೀರೆ. ಹಬ್ಬಕ್ಕೆ ಉಡುವಳು, ಬಿಚ್ಚಿ ಮಡಿಚಿಡುವಳು. ಕತ್ತರಿಸಿದರೆ ತಾಯಿ ಇನ್ನೊಮ್ಮೆ ಸತ್ತಂತೆ ಎಂದು ಅವಳ ಜೀವ ಹೆದರುತ್ತಿತ್ತು. ಬೇರೆ ಸೀರೆ ಕತ್ತರಿಸಬಹುದಿತ್ತಲ್ಲ ಎನ್ನುವಿರಿ. ಅವನ್ನು ಕಂಡರೂ ಇನ್ನೊಂದು ವರ್ಷ ಉಡಬಹುದು ಎನ್ನುವಳು. ಹಿಡಿತದ ಕೈಗೆ ನೆಪಕ್ಕೇನು ಕಡಿಮೆ?

ಹೀಗಿರಲಾಗಿ ಅವಳು ಪ್ರತಿ ವರ್ಷ ಮೂಲೆಯಲ್ಲಿ ಕಾಳನ್ನಿಟ್ಟು, ತೆರೆದ ಬಾಯಿ ಕಾಣದಂತೆ ಒಳಮಡಿಚಿ, ಮುಗಿದ ಕೌದಿಯೆಂದು ಗೌರಮ್ಮನ ಮುಂದೆ ಹಾಸಿ, ನಾಳೆ ಮುಚ್ಚಿದರಾಯಿತೆಂದು ಗಂಟು ಕಟ್ಟಿ ಪಡಸಾಲೆಯಲ್ಲಿಟ್ಟಳು. ಐದು ವರ್ಷಕ್ಕೆ ಐದು ಗಂಟಾದವು. ಕುಂಡಗಳಿಗೆ ಜಾಗ ಸಾಲದೆ ವೀಳ್ಯದ ಬಳ್ಳಿಯೂ ದವನವೂ ಅಂಗಳದಲ್ಲೇ ಇಬ್ಬನಿಗೆ ನಲುಗಿದವು. ಬಳ್ಳಿಗೂ ಕತ್ತರಿ ಹಾಕಲು ಮನಸ್ಸು ಬಾರದೆ, ಸವರದ ಮಲ್ಲಿಗೆ ಬರೀ ಎಲೆಯಾಗಿ ಬೆಳೆದು ಹೂ ಕಡಿಮೆಯಾಯಿತು. ವರ್ಷವರ್ಷವೂ ಗೌರಿ ಹುಣ್ಣಿಮೆಗೆ ಒಬ್ಬ ಮುದುಕಿ ಬಾಗಿಲಿಗೆ ಬಂದು ಒಂದೆಸಳು ದವನ ಬೇಡುವಳು. ಗಿಡ ಇನ್ನೂ ಸಣ್ಣದೆಂದು ನೀಲವ್ವ ಅವಳನ್ನು ಬರಿಗೈಯಲ್ಲಿ ಕಳಿಸುವಳು.

ಆರನೆಯ ವರ್ಷದ ದೀಪಾವಳಿ ಕಳೆದ ಮೇಲೆ ಮಗಳು ಕಸ್ತೂರೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗೌರಿ ಹುಣ್ಣಿಮೆಯ ಮುನ್ನಾದಿನ ಹೆಣ್ಣು ಕೂಸು ಹುಟ್ಟಿತು. ಅಂಗೈಯಗಲದ ಕೂಸು. ಹೊರಗೆ ಚಳಿಗಾಳಿ ಬೀಸುತ್ತಿರಲು, ನೀಲವ್ವ ಓಡಿ ಹೋಗಿ ಗಂಟು ಬಿಚ್ಚಿ ಕೌದಿ ಕೊಡವಿದಳು. ಕಾಳಿನ ವಾಸನೆ ಹಿಡಿದು ತೆರೆದ ಮೂಲೆಯಿಂದ ಒಳಹೊಕ್ಕ ಇಲಿಗಳು ಒಳಪದರನ್ನೆಲ್ಲ ಕಡಿದು ಚೂರು ಮಾಡಿದ್ದವು. ಐದೂ ಗಂಟು ಬಿಚ್ಚಿದಳು, ಐದೂ ಹಾಗೇ ಇದ್ದವು. ನೆರೆಯವರು ಕಂಬಳಿ ಕೊಟ್ಟರು, ಅಗ್ಗಿಷ್ಟಿಕೆ ಇಟ್ಟರು. ಏನು ಹೊದಿಸಿದರೂ ಕೂಸಿನ ಮೈಗೆ ಬಿಸಿ ಏರಲಿಲ್ಲ. ಗೌರಮ್ಮನ ಕಣ್ಣಿಗೆ ಮಣ್ಣೆರಚಲು ಹೋದ ಮನೆಯಲ್ಲಿ ಬೆಚ್ಚಗಾಗುವುದೆಂತು?

ಮರುದಿನ ಮಧ್ಯಾಹ್ನ ಸೂಲಗಿತ್ತಿ ಕೂಸಿನ ಅಂಗಾಲು ಮುಟ್ಟಿ ನೋಡಿ, “ಮೊಲಿ ಹಿಡಿಯವಲ್ದು, ಮೈ ತಣ್ಣಗಾಗೇತಿ. ಸಂಜಿಯೊಳಗ ಬೆಚ್ಚಗಾಗಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ ನೀಲವ್ವಾ” ಎಂದಳು.

ಹಬ್ಬಕ್ಕೆಂದು ಉಟ್ಟ ಹಸಿರು ಸೀರೆಯಲ್ಲೇ ನೀಲವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಆಗ ಆ ಮುದುಕಿ ಬಂದು ನಿಂತು ದವನ ಬೇಡಿದಳು. ಬೇಕಾದಷ್ಟು ಮುರಿದುಕೋ ಎಂದು ನೀಲವ್ವ ತಲೆಯೆತ್ತದೆ ಹೇಳಿದಳು. ಮುದುಕಿ ಒಂದೇ ಎಸಳು ಮುರಿದುಕೊಂಡು, ಅಂಗಳದಲ್ಲಿ ಬಿದ್ದ ಕೌದಿಗಳನ್ನು ತಿರುವಿ ನೋಡಿ ಕೇಳಿದಳು:

“ಎಲ್ಲಾರ ಅರಿವಿ ಅದಾವು ಇದರಾಗ. ನಿಂದೆಲ್ಲೈತಿ ಯವ್ವಾ?”

ಐದು ವರ್ಷ ತಾನು ಯಾರಿಗೆ ಸುಳ್ಳು ಹೇಳಿದೆನೆಂಬುದು ನೀಲವ್ವನಿಗೆ ಆಗ ತಿಳಿಯಿತು. ಎದ್ದು ಒಳಗೆ ಹೋಗಿ ಹಳೆಯ ಸೀರೆ ಸುತ್ತಿಕೊಂಡು, ಮೈಮೇಲಿಂದ ಬಿಚ್ಚಿದ ಇಳಕಲ್ ಸೀರೆಯನ್ನು ಇನ್ನೂ ಬೆಚ್ಚಗಿರುವಾಗಲೇ ಹಾಸಿ ಕತ್ತರಿ ಎತ್ತಿಕೊಂಡಳು.

“ಯವ್ವಾ, ಅಜ್ಜಿ ಸೀರಿ ಅದು!” ಎಂದು ಕಸ್ತೂರೆವ್ವ ಹಾಸಿಗೆಯಿಂದಲೇ ಕೂಗಿದಳು.

“ಹೌದಲ್ಲ, ಅಜ್ಜೀದ. ಕೂಸಿಗೆ ಇರ್ಲಿ” ಎಂದು ನೀಲವ್ವ ಕತ್ತರಿ ಇಟ್ಟಳು.

ವರ್ಷಕ್ಕೊಂದು ಗೇಣು ಕೊಟ್ಟಿದ್ದರೆ ಐದು ಗೇಣಿಗೆ ಮುಗಿಯುತ್ತಿತ್ತು. ಈಗ ಇಲಿ ಕಡಿದ ಒಳಪದರಕ್ಕೆಲ್ಲ ಬಟ್ಟೆ ಬೇಕಾಗಿ, ಒಂದು ಚಿಕ್ಕ ಕೌದಿಗೇ ಸೀರೆಯ ಅರ್ಧ ಒಡಲು ಹೋಯಿತು. ಕಣ್ಣೀರು ಸುರಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಯಾವಾಗಲೂ ನೆಟ್ಟಗೆ ಹೋಗುತ್ತಿದ್ದ ಹೊಲಿಗೆ ಅಂದು ಸೊಟ್ಟಸೊಟ್ಟಗೆ ಬಿತ್ತು, ಅವಳು ಬಿಚ್ಚಿ ತಿದ್ದಲಿಲ್ಲ. ಅತ್ತ ಗುರುಪಾದಪ್ಪ ಮಲ್ಲಿಗೆ ಸವರಿ ಕಡ್ಡಿಗಳನ್ನು ಓಣಿಯ ಮನೆಮನೆಗೆ ಕೊಟ್ಟು ಬಂದು, ಕುಂಡಗಳನ್ನು ಒಂದೊಂದಾಗಿ ಪಡಸಾಲೆಗೆ ಹೊತ್ತು ತಂದನು. ದೀಪ ಹಚ್ಚುವ ಹೊತ್ತಿಗೆ ನೀಲವ್ವ ಐದು ಕಾಳಿಟ್ಟು, ಮೂಲೆಯ ಬಾಯಿ ಮುಚ್ಚಿ, ಗಂಟು ಹಾಕಿ ದಾರ ಕಡಿದಳು. ಗೌರಮ್ಮನ ಮುಂದೆ ಹಾಸಿ, ಸಕ್ಕರೆ ಆರತಿ ಬೆಳಗಿ, ಅದೇ ಕೌದಿಯಲ್ಲಿ ಕೂಸನ್ನು ಸುತ್ತಿ ಮಗಳ ಮಡಿಲಲ್ಲಿಟ್ಟಳು.

ಮನೆಯವರೆಲ್ಲ ಸುತ್ತ ನಿಂತು ನೋಡಿದರು. ತುಸು ಹೊತ್ತಿಗೆ ಕೂಸು ಮಿಸುಕಿತು, ಬಾಯಿ ತೆರೆದು ತಡಕಾಡಿತು, ಮೊಲೆ ಹಿಡಿಯಿತು. ಹಾಲು ಗುಟುಕರಿಸುವ ಸದ್ದು ಕೇಳಿ ನೀಲವ್ವ ಗೋಡೆಗೊರಗಿ ಗಳಗಳ ಅತ್ತಳು. ಮುದುಕಿಯನ್ನು ಹುಡುಕಿದರೆ ಎಲ್ಲಿಯೂ ಇಲ್ಲ. ಗೌರಮ್ಮನ ತುರುಬಿನಲ್ಲಿ ಮಾತ್ರ ಒಂದು ಹಸಿ ದವನದ ಎಸಳಿತ್ತು.

ಉಳಿದ ನಾಲ್ಕು ಕೌದಿಗಳನ್ನೂ ಅವಳು ಉಗಾದಿಯೊಳಗೆ ಮುಗಿಸಿ, ಒಂದನ್ನು ಸೂಲಗಿತ್ತಿಗೂ ಮೂರನ್ನು ನೆರೆಯ ಬಾಣಂತಿಯರಿಗೂ ಕೊಟ್ಟಳು. ಸವರಿದ ಮಲ್ಲಿಗೆ ಬುಟ್ಟಿಗಟ್ಟಲೆ ಹೂ ಕೊಡಲು, ಹೂಗಾರನ ಮನೆ ಉಂಡುಟ್ಟು ಸುಖವಾಗಿತ್ತು. ಸೀರೆಯನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟಾಗ ಎಂದೂ ಕನಸಿಗೆ ಬಾರದ ತಾಯಿಯನ್ನು ಈಗ ನೀಲವ್ವ ಮೊಮ್ಮಗಳನ್ನು ಹೊದಿಸುವಾಗಲೆಲ್ಲ ನೆನೆಯುವಳು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಕೇಳುತ್ತಾ ನಿದ್ದೆ ಹೋದ ಮಕ್ಕಳಿಗೂ ಗೌರಮ್ಮ ಬೆಚ್ಚನೆಯ ಮನೆ, ತುಂಬಿದ ಹಿತ್ತಿಲು, ಬಾಳುವ ಕೂಸುಗಳನ್ನು ಕೊಡಲಿ. ಹೊತ್ತಿಗೆ ಸರಿಯಾಗಿ ಮುಗಿಸಿದವರಿಗೆ ಯಾವ ಫಲವೋ, ತಡಮಾಡಿ, ಅಳುತ್ತ, ಸೊಟ್ಟ ಹೊಲಿಗೆಯಲ್ಲಿ ಮುಗಿಸಿದವರಿಗೂ ಅದೇ ಫಲ.